ಕಿಟ್ ಆಮೇಲೆ ಬಿಚ್ಚಿ, ಮೊದಲು ಅಡುಗೆಮನೆಗೆ ಹೋಗಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ, ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರದ ಅನುದಾನದಲ್ಲಿ ಕೊಡುವ ಪ್ರಯೋಗಾಲಯ. ಅದನ್ನು ನಡೆಸುವ ಜವಾಬ್ದಾರಿ ನನ್ನದು. ಆರ್ಡುಯಿನೋ ಎಂಬ ಪ್ರೋಗ್ರಾಂ ಹಾಕುವ ಸಣ್ಣ ಬೋರ್ಡ್, ಸೆನ್ಸರ್‌ಗಳು, ತ್ರೀಡಿ ಪ್ರಿಂಟರ್, ಡ್ರಿಲ್ ಎಲ್ಲ ಇವೆ. ಮಕ್ಕಳು ಯೂಟ್ಯೂಬ್ ನೋಡಿಕೊಂಡು ಎಲ್‌ಇಡಿ ಮಿನುಗಿಸುತ್ತಾರೆ, ಸ್ಮಾರ್ಟ್ ಡಸ್ಟ್‌ಬಿನ್ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಇದು ಡಿಸೈನ್ ಕಲಿಸಿದ ಹಾಗಾಯಿತಾ ಎಂಬ ಅನುಮಾನ ನನಗೆ. ನಾನು ಬಿ.ಎಸ್ಸಿ., ಬಿ.ಎಡ್. ಓದಿದವಳು, ಗರಗಸ ಹಿಡಿದವಳಲ್ಲ. ಒಂಬತ್ತನೇ ತರಗತಿಯಲ್ಲಿ 46 ಮಕ್ಕಳು, 40 ನಿಮಿಷದ ಪಿರಿಯಡ್. ಎಲ್ಲಿಂದ ಶುರು ಮಾಡಲಿ? ಅಂಕ ಹೇಗೆ ಕೊಡಲಿ? ಯಾವ ಮಗುವಿಗಾದರೂ ಪೆಟ್ಟಾದರೆ ಎಂಬ ಭಯವೂ ಇದೆ.

ಉತ್ತರ:

ಮೇಡಂ, ನಿಮ್ಮ ಅನುಮಾನ ಸರಿ. ಡಿಸೈನ್ ಅಂದರೆ ಯಾರದೋ ಒಂದು ತೊಂದರೆ ನೋಡಿ, ಅದಕ್ಕೆ ಸರಿಹೋಗುವ ವಸ್ತುವನ್ನು ಯೋಚಿಸಿ ಮಾಡುವುದು. ಎಲ್‌ಇಡಿ ಮಿನುಗಿಸುವುದು ಡಿಸೈನ್ ಅಲ್ಲ. ಅದು ಅಕ್ಷರ ತಿದ್ದಿದ ಹಾಗೆ. ಬೇಕು, ಆದರೆ ಅಷ್ಟಕ್ಕೇ ನಿಂತರೆ ಮಗು ತನ್ನದೇ ಒಂದು ವಾಕ್ಯ ಬರೆಯುವುದು ಯಾವಾಗ? ಸ್ಮಾರ್ಟ್ ಡಸ್ಟ್‌ಬಿನ್ ಕಥೆಯೂ ಅದೇ. ಯಾವ ವಿಜ್ಞಾನ ಮೇಳಕ್ಕೆ ಹೋದರೂ ಅದು ಇರುತ್ತೆ. ಕೈ ಹತ್ತಿರ ತಂದರೆ ಮುಚ್ಚಳ ತೆಗೆಯುತ್ತೆ. ಮಾಡಿದ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ: "ನಿಮ್ಮ ಶಾಲೆಯ ಕಸದ ಡಬ್ಬಿಗೆ ಮುಚ್ಚಳ ಇದೆಯಾ?" ಬಹಳ ಕಡೆ ಇರುವುದಿಲ್ಲ. ಅಂದರೆ ಆ ಮಕ್ಕಳು ಬಿಡಿಸಿದ್ದು ತಮ್ಮ ತೊಂದರೆಯನ್ನಲ್ಲ, ವಿಡಿಯೋ ಮಾಡಿದ ಯಾರೋ ಒಬ್ಬರದ್ದನ್ನು. ತಪ್ಪು ಮಕ್ಕಳದ್ದಲ್ಲ. ಕಿಟ್ ಕೈಗೆ ಮೊದಲು ಬಂತು, ತೊಂದರೆಯನ್ನು ಆಮೇಲೆ ಹುಡುಕಬೇಕಾಯಿತು. ನಾನು ಹೇಳಬೇಕೆಂದಿರುವುದು ಇದನ್ನು ತಿರುವುಮುರುವು ಮಾಡಿ ಅಂತ. ಅದರ ಜೊತೆ ಇನ್ನೊಂದು, ನನಗೆ ಅದಕ್ಕಿಂತಲೂ ಮುಖ್ಯವಾದದ್ದು: ಏನೇ ಮಾಡಿಸಿದರೂ ಎರಡನೇ ಸಲ ಮಾಡುವುದಕ್ಕೆ ಸಮಯ ಇಟ್ಟುಕೊಳ್ಳಿ. ಮೊದಲ ಮಾದರಿಯಲ್ಲಿ ಮಕ್ಕಳು ಮಾಡುವುದನ್ನು ಕಲಿಯುತ್ತಾರೆ. ಎರಡನೆಯದರಲ್ಲಿ ಯೋಚನೆ ಮಾಡುವುದನ್ನು ಕಲಿಯುತ್ತಾರೆ.

ನಾನು ಕಲಿಸಿದ್ದು ಜೂನಿಯರ್ ಟೆಕ್ನಿಕಲ್ ಶಾಲೆಯ ವರ್ಕ್‌ಶಾಪ್‌ನಲ್ಲಿ. ಎಂಟರಿಂದ ಹತ್ತನೇ ತರಗತಿ ಮಕ್ಕಳು ಅಲ್ಲಿ ಮಾಮೂಲಿ ಪಾಠದ ಜೊತೆ ಎಂಜಿನಿಯರಿಂಗ್ ಡ್ರಾಯಿಂಗ್, ವರ್ಕ್‌ಶಾಪ್ ಕೆಲಸ ಕಲಿಯುತ್ತಾರೆ. ಮೊದಲ ಎಷ್ಟೋ ವರ್ಷ ನಾನೂ ಎಲ್ಲರಿಗೂ ಒಂದೇ ಡ್ರಾಯಿಂಗ್ ಕೊಡುತ್ತಿದ್ದೆ. ಕಬ್ಬಿಣದ ತುಂಡಿಗೆ ಅರ ಹಾಕಿ 50 ಮಿ.ಮೀ. ಚೌಕ ಮಾಡಬೇಕು, ಮೂಲೆಮಟ್ಟ ಇಟ್ಟರೆ ಬೆಳಕು ನುಸುಳಬಾರದು. ಮಕ್ಕಳ ಕೈ ಪಳಗಿತು, ನಿಜ. ಆ ಪಳಗಿದ ಕೈಯನ್ನು ನಾನು ಯಾವತ್ತೂ ಹಗುರವಾಗಿ ಮಾತಾಡುವುದಿಲ್ಲ. ಆದರೆ ಅಂಕ ಹಾಕಿದ ಮೇಲೆ ಆ ಚೌಕಗಳೆಲ್ಲ ಗುಜರಿ ಡಬ್ಬಕ್ಕೆ ಹೋಗುತ್ತಿದ್ದವು. 50 ಮಿ.ಮೀ. ಯಾಕೆ, 40 ಯಾಕಲ್ಲ ಅಂತ ಒಂದು ಮಗುವೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ.

ಕೈಕೆಲಸದಿಂದ ಕಲಿಸುವುದು ನಮಗೆ ಹೊಸದೇನಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟರು. 1960ರ ದಶಕದಲ್ಲಿ ಕೊಠಾರಿ ಆಯೋಗ ಕಾರ್ಯಾನುಭವ ಬೇಕು ಅಂತು. ಆಮೇಲೆ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಬಂತು. ಹಳಬರಿಗೆ ಆ ಹೆಸರು ನೆನಪಿರುತ್ತೆ. ಬಹಳ ಶಾಲೆಗಳಲ್ಲಿ ಅದು ಬರಬರುತ್ತಾ ಕ್ಯಾಂಡಲ್, ಚಾಕ್‌ಪೀಸ್, ಪೇಪರ್ ಹೂವಿಗೆ ಇಳಿಯಿತು. ಇಂಗ್ಲೆಂಡಿನಲ್ಲಿ ಹುಡುಗರಿಗೆ ಮರಗೆಲಸ, ಹುಡುಗಿಯರಿಗೆ ಅಡುಗೆ, ಹೊಲಿಗೆ ಅಂತ ಬಹಳ ಕಾಲ ನಡೆಯಿತು. 1990ರಲ್ಲಿ ಅದನ್ನೆಲ್ಲ ಕೂಡಿಸಿ ಡಿಸೈನ್ ಅಂಡ್ ಟೆಕ್ನಾಲಜಿ ಎಂಬ ಒಂದೇ ವಿಷಯ ಮಾಡಿ, ಎಲ್ಲರೂ ಕಲಿಯಬೇಕು ಅಂದರು. ಅಲ್ಲಿ ಬದಲಾದದ್ದು ಹೆಸರೊಂದೇ ಅಲ್ಲ. ಏನು ಮಾಡಬೇಕು ಅಂತ ಮೇಷ್ಟ್ರು ಹೇಳುವುದು ಕಡಿಮೆಯಾಗಿ, ಯಾರಿಗೆ ಏನು ಬೇಕು ಅಂತ ಮಗುವೇ ಹೋಗಿ ತಿಳಿದುಕೊಳ್ಳುವುದು ಪಾಠದ ಭಾಗವಾಯಿತು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ನಮ್ಮ ದೇಶದ ಮಿಡ್ಲ್ ಸ್ಕೂಲ್ ಮಕ್ಕಳ ಜೊತೆ ಇದನ್ನು ಮಾಡಿ ನೋಡಿದ್ದಾರೆ. ಪುಸ್ತಕ ಒಯ್ಯುವ ಚೀಲ, ಭಾರ ಎತ್ತುವ ಗಾಳಿಯಂತ್ರದ ಮಾದರಿ, ಬೊಂಬೆಯಾಟದ ಬೊಂಬೆ. ಇಷ್ಟೇ ಸಾಮಾನು. ಚಿಪ್ ಇಲ್ಲ, ಸೆನ್ಸರ್ ಇಲ್ಲ. ಆದರೂ ಅದು ಪೂರ್ತಿ ಡಿಸೈನ್ ಪಾಠ.

ಈಗ ಒಂದು ಕೆಲಸವನ್ನು ಮೊದಲಿನಿಂದ ಕೊನೆತನಕ ಹೇಳುತ್ತೇನೆ. ನಿಮಗೆ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಮಕ್ಕಳ ಜೊತೆ ಕೆಲವು ವಾರ ಕೂತಿದ್ದೆ. ಮೊದಲ ದಿನ ಲ್ಯಾಬ್ ಬೀಗ ತೆಗೆಯಲೇ ಇಲ್ಲ. ಐದೈದು ಮಕ್ಕಳ ಗುಂಪು ಮಾಡಿ ಶಾಲೆಯ ಒಂದೊಂದು ಜಾಗಕ್ಕೆ ಕಳಿಸಿದೆವು. ನಲ್ಲಿ ಹತ್ತಿರ ಒಂದು ಗುಂಪು, ಸೈಕಲ್ ನಿಲ್ಲಿಸುವ ಕಡೆ ಒಂದು, ಬಿಸಿಯೂಟದ ಅಡುಗೆಮನೆಗೆ ಒಂದು. "ಏನನ್ನೂ ಸರಿ ಮಾಡೋಕೆ ಹೋಗಬೇಡಿ. ಅರ್ಧ ಗಂಟೆ ಸುಮ್ನೆ ನೋಡಿ, ನೋಡಿದ್ದನ್ನು ಬರೆಯಿರಿ" ಅಂತ ಮಾತ್ರ ಹೇಳಿದೆವು.

ಅಡುಗೆಮನೆಗೆ ಹೋದವರು ಬರೆದುಕೊಂಡು ಬಂದ ಮೊದಲ ತಲೆಬರಹ "ಅಡುಗೆಮನೆಯ ಸ್ವಚ್ಛತೆ". ಇದು ಭಾಷಣ ಸ್ಪರ್ಧೆಯ ವಿಷಯ, ಡಿಸೈನಿನ ವಿಷಯ ಅಲ್ಲ. ಮಕ್ಕಳು ಮೊದಲು ಹೀಗೇ ಬರೆಯುತ್ತಾರೆ, ಗಾಬರಿಯಾಗಬೇಡಿ. "ಯಾರಿಗೆ ತೊಂದರೆ? ಯಾವ ಹೊತ್ತಲ್ಲಿ? ನೀವು ಕಣ್ಣಾರೆ ಕಂಡದ್ದೇನು?" ಅಂತ ಮೂರು ಸಲ ಕೇಳಿದ ಮೇಲೆ ಒಬ್ಬ ಹುಡುಗಿ ಹೇಳಿದಳು. ತೊಳೆದ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಟಬ್‌ನಲ್ಲಿ ಇಡುತ್ತಾರೆ. ನೀರು ಒಳಗೇ ಉಳಿಯುತ್ತೆ. ಮಾರನೇ ದಿನ ವಾಸನೆ. ಅಡುಗೆಯ ಅಕ್ಕ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸುತ್ತಾರೆ, ಪ್ರತಿ ಸಲ ಟಬ್‌ಗೆ ಬಗ್ಗಿ ಏಳುತ್ತಾರೆ. ಆಕೆ ಬಗ್ಗಿದ್ದನ್ನೂ ಆ ಹುಡುಗಿ ಗೀಟು ಹಾಕಿ ಎಣಿಸಿದ್ದಳು. ಅಲ್ಲಿಗೆ ನಮ್ಮ ಕೆಲಸ ಸಿಕ್ಕಿತು: ತಟ್ಟೆ ಒಣಗಿಸುವ ಸ್ಟ್ಯಾಂಡ್.

ಮುಂದಿನ ವಾರ ಅಳತೆ. ತಟ್ಟೆ ಅಡ್ಡಗಲ 25 ಸೆಂ.ಮೀ., ಅಂಚಿನ ಎತ್ತರ 2 ಸೆಂ.ಮೀ., ಸ್ಟ್ಯಾಂಡ್ ಇಡುವ ಕಟ್ಟೆ ಉದ್ದ 70 ಸೆಂ.ಮೀ. ಅಕ್ಕನನ್ನೇ ಕೇಳಿ ಬರೆದ ಶರತ್ತು: ಒಬ್ಬರೇ ಎತ್ತುವಂತಿರಬೇಕು, ಕೈಗೆ ತರಚಬಾರದು, ನೀರು ನೆಲದ ಮೇಲೆ ಸುರಿಯಬಾರದು, 20 ತಟ್ಟೆ ಹಿಡಿಯಬೇಕು. ಈ ನಾಲ್ಕು ಸಾಲನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಮುಂದೆ ಯಾವ ಜಗಳ ಬಂದರೂ ಆ ಹಾಳೆಯೇ ತೀರ್ಪು. ನೀವೂ ಹೀಗೇ ಮಾಡಿ. ಇಲ್ಲದಿದ್ದರೆ "ನಂದು ಚೆಂದ ಇದೆ, ಅವಂದು ಚೆಂದ ಇಲ್ಲ" ಅನ್ನುವುದರಲ್ಲೇ ಪಿರಿಯಡ್ ಮುಗಿದುಹೋಗುತ್ತೆ.

ಆಮೇಲೆ ಚಿತ್ರ. ಒಬ್ಬೊಬ್ಬರೂ ಮೂರು ಬೇರೆ ಬೇರೆ ಚಿತ್ರ ಬರೆಯಬೇಕು, ಪೆನ್ನಿನಲ್ಲಿ. ರಬ್ಬರ್ ಕೊಡಬೇಡಿ. ರಬ್ಬರ್ ಇದ್ದರೆ ನಮ್ಮ ಮಕ್ಕಳು ಒಂದೇ ಚಿತ್ರವನ್ನು 40 ನಿಮಿಷ ನೀಟು ಮಾಡುತ್ತಾ ಕೂರುತ್ತಾರೆ. ಪೆನ್ನಾದರೆ ತಪ್ಪನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಮೊದಲ ಚಿತ್ರ ಅಂಗಡಿಯಲ್ಲಿ ನೋಡಿದ್ದು, ಎರಡನೆಯದು ಪಕ್ಕದವರದ್ದು. ಮೂರನೆಯದು ತಮ್ಮದು. ಅದಕ್ಕೇ ಮೂರು.

ಮೊದಲ ಮಾದರಿಗೆ ರಟ್ಟಿನ ಪೆಟ್ಟಿಗೆ ಸಾಕು. ಕಿರಾಣಿ ಅಂಗಡಿಯಲ್ಲಿ ಸಿಗುತ್ತೆ. ಆದರೆ ಪುಟಾಣಿ ಮಾದರಿ ಬೇಡ, ಪೂರ್ತಿ ಅಳತೆಯದ್ದೇ ಮಾಡಿಸಿ. ನಿಜವಾದ ತಟ್ಟೆಯನ್ನು ಅದರಲ್ಲಿ ಇಟ್ಟು ನೋಡಬೇಕಲ್ವಾ. ಮೂರು ತಟ್ಟೆ ಹಿಡಿಯುವಷ್ಟು ಉದ್ದ ಇದ್ದರೆ ಆಯಿತು. ನಮ್ಮ ಗುಂಪು ರಟ್ಟಿನ ಎರಡು ಪಟ್ಟಿ ಇಟ್ಟು, ಅವುಗಳ ಮೇಲೆ 8 ಸೆಂ.ಮೀ. ಎತ್ತರದ ಕಡ್ಡಿಗಳನ್ನು ನೆಟ್ಟರು. ತಟ್ಟೆ ಇಟ್ಟ ತಕ್ಷಣ ಹಿಂದಕ್ಕೆ ಮಗುಚಿಕೊಂಡಿತು. ಮತ್ತೆ ಇಟ್ಟರು, ಮತ್ತೆ ಬಿತ್ತು.

ಆ ಹೊತ್ತಲ್ಲಿ ಬಾಯಿ ಬಿಗಿಹಿಡಿಯುವುದು ಬಹಳ ಕಷ್ಟ ಮೇಡಂ. ಉತ್ತರ ನಾಲಿಗೆ ತುದಿಗೆ ಬಂದಿರುತ್ತೆ. ಹೇಳಬೇಡಿ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗ ತಟ್ಟೆಯ ನಡುಮಧ್ಯಕ್ಕೆ ಬೆರಳಿಟ್ಟು ಎತ್ತಿ ನೋಡಿದ. "ಭಾರ ಇಲ್ಲಿದೆ, ಕಡ್ಡಿ ಇಲ್ಲಿಗೇ ಮುಗೀತು" ಅಂದ. ತಟ್ಟೆಯ ಭಾರದ ನಡು 12.5 ಸೆಂ.ಮೀ. ಎತ್ತರದಲ್ಲಿದೆ, ಆಸರೆ 8ಕ್ಕೇ ನಿಂತಿದೆ. ಗುರುತ್ವ ಕೇಂದ್ರದ ಪಾಠ ಎರಡು ವಾಕ್ಯದಲ್ಲಿ ಮುಗಿಯಿತು.

ಇನ್ನೊಂದು ತಪ್ಪು ನನಗೂ ಮೊದಲೇ ಹೊಳೆದಿರಲಿಲ್ಲ. ಕಡ್ಡಿ ಎತ್ತರ ಮಾಡಿ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದರು. ನಿಂತಿತು. ಒದ್ದೆ ತಟ್ಟೆ ಇಟ್ಟು ಊಟಕ್ಕೆ ಹೋಗಿ ಬಂದು ನೋಡಿದರೆ, ಕೆಳಗಿನ ಅಂಚಿನ ಒಳಗೆ ಒಂದು ಗೆರೆ ನೀರು ಹಾಗೇ ನಿಂತಿದೆ! ಅಂಚು ಮೇಲಕ್ಕೆ ಮಡಚಿಕೊಂಡಿರುವುದರಿಂದ ಅದು ಸಣ್ಣ ಕಾಲುವೆಯ ಹಾಗೆ ನೀರು ಹಿಡಿದುಕೊಳ್ಳುತ್ತೆ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸದೆ, ಉಣ್ಣುವ ಮುಖ ಸ್ವಲ್ಪ ಕೆಳಗೆ ನೋಡುವಂತೆ ಒರಗಿಸಿದರೆ ನೀರು ಜಾರಿ ಬೀಳುತ್ತೆ. ಎಷ್ಟು ಒರಗಿಸಬೇಕು? ಕೋನಮಾಪಕ ಹಿಡಿದು 10, 20, 30 ಡಿಗ್ರಿ ಮೂರನ್ನೂ ಮಾಡಿ ನೋಡಿದರು. 10ಕ್ಕೆ ನೀರು ಉಳಿಯಿತು. 30ಕ್ಕೆ ತಟ್ಟೆಗಳು ಜಾಗ ತಿಂದವು. 20 ಸರಿಹೋಯಿತು. ನಡುವಿನ ಅಂತರ 4 ಸೆಂ.ಮೀ. ಇಟ್ಟರೆ 70 ಸೆಂ.ಮೀ. ಕಟ್ಟೆಯಲ್ಲಿ 17 ತಟ್ಟೆ ಮಾತ್ರ. 3.5 ಇಟ್ಟರೆ ಸರಿಯಾಗಿ 20. ಗೋಡೆ ಮೇಲಿನ ಹಾಳೆ 20 ಅನ್ನುತ್ತೆ. ಅಲ್ಲಿಗೆ ತೀರ್ಮಾನ.

ನಿಜವಾದ ಸ್ಟ್ಯಾಂಡಿಗೆ ಮುರಿದ ಡೆಸ್ಕಿನ ಹಲಗೆ, ಬಿದಿರು ಕಡ್ಡಿ. ಓರೆಯಾಗಿ ರಂಧ್ರ ಹಾಕುವುದು ದೊಡ್ಡವರಿಗೂ ಕಷ್ಟ, ಡ್ರಿಲ್ ಬಿಟ್ ಜಾರುತ್ತೆ. ಮರದ ತುಂಡಿನಲ್ಲಿ 20 ಡಿಗ್ರಿ ಓರೆಯ ಒಂದು ಬೆಣೆ ಮಾಡಿಕೊಂಡು, ಹಲಗೆಯನ್ನು ಅದರ ಮೇಲೆ ಕ್ಲಾಂಪ್ ಹಾಕಿ ಬಿಗಿದು, ಡ್ರಿಲ್ ನೆಟ್ಟಗೇ ಇಳಿಸಿದರು. ರಂಧ್ರ ತಾನಾಗಿ ಓರೆ ಬಂತು. ಎರಡು ಸಾಲಿಗೆ ಒಟ್ಟು 42 ರಂಧ್ರ, ಎಲ್ಲದರ ಓರೆಯೂ ಒಂದೇ. ಇಂಥ ಬೆಣೆಯನ್ನು ವರ್ಕ್‌ಶಾಪ್‌ನಲ್ಲಿ ಜಿಗ್ ಅನ್ನುತ್ತೇವೆ. ಪುಸ್ತಕದಲ್ಲಿ ಜಿಗ್ ಎಂದರೇನು ಅಂತ ಓದಿದ ಮಗುವಿಗೂ, 42 ರಂಧ್ರ ಹಾಕಬೇಕಾಗಿ ಬಂದು ಅದನ್ನು ಕಂಡುಕೊಂಡ ಮಗುವಿಗೂ ಬಹಳ ವ್ಯತ್ಯಾಸ ಇದೆ.

ಸ್ಟ್ಯಾಂಡ್ ಅಡುಗೆಮನೆಗೆ ಹೋಯಿತು. ಅಕ್ಕ ನೋಡಿದರು, ಖುಷಿಪಟ್ಟರು. ಆಮೇಲೆ ಅಂದರು: "ಉಣ್ಣೋ ಮುಖಕ್ಕೆ ಕಡ್ಡಿ ತಾಗುತ್ತಲ್ಲಪ್ಪಾ. ಮಳೆಗಾಲದಲ್ಲಿ ಬಿದಿರಿಗೆ ಬೂಷ್ಟು ಹಿಡಿಯುತ್ತೆ." ಮಕ್ಕಳ ಮುಖ ಸಪ್ಪೆಯಾಯಿತು. ಎರಡು ದಿನ ಬಿಟ್ಟು ಗಾರೆ ಕೆಲಸದವರ ಮಗನೊಬ್ಬ ಮನೆಯಿಂದ ಒಂದು ತುಂಡು ಲೆವೆಲ್ ಪೈಪ್ ತಂದ. ಮನೆ ಕಟ್ಟುವಾಗ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಆ ಪಾರದರ್ಶಕ ಪೈಪು. ಅದನ್ನು ಕತ್ತರಿಸಿ ಪ್ರತಿ ಕಡ್ಡಿಗೂ ತೊಡಿಸಿದರು. ಬೇಕಾದಾಗ ಎಳೆದು ತೆಗೆದು ತೊಳೆಯಬಹುದು. ನಾನು ಇಷ್ಟು ವರ್ಷದಲ್ಲಿ ಕಂಡ ಒಳ್ಳೆಯ ಡಿಸೈನ್‌ಗಳಲ್ಲಿ ಇದೂ ಒಂದು. ಅದು ಬಂದದ್ದು ಮೂರನೇ ಸುತ್ತಿನಲ್ಲಿ. ಮೊದಲ ಮಾದರಿಗೇ ಚಪ್ಪಾಳೆ ಹೊಡೆದು ಮುಗಿಸಿದ್ದರೆ ಬರುತ್ತಲೇ ಇರಲಿಲ್ಲ.

ಈಗ ನಿಮ್ಮ ವೇಳಾಪಟ್ಟಿಗೆ ಬರೋಣ. 40 ನಿಮಿಷದಲ್ಲಿ ಸಾಮಾನು ತೆಗೆದು, ಇಟ್ಟು, ಗುಡಿಸುವಷ್ಟರಲ್ಲಿ ಗಂಟೆ ಹೊಡೆಯುತ್ತೆ. ಮುಖ್ಯ ಶಿಕ್ಷಕರನ್ನು ಕೇಳಿ ಹದಿನೈದು ದಿನಕ್ಕೊಮ್ಮೆ ಎರಡು ಪಿರಿಯಡ್ ಕೂಡಿಸಿಕೊಳ್ಳಿ. ವಾರಕ್ಕೊಂದು ಬಿಡಿ ಪಿರಿಯಡ್‌ಗಿಂತ ಅದು ಎಷ್ಟೋ ಮೇಲು. ಹತ್ತು ಜೋಡಿ ಪಿರಿಯಡ್ ಸಿಕ್ಕರೆ ನಾನು ಹೀಗೆ ಹಂಚುತ್ತೇನೆ: ನೋಡಿ ಅಳೆಯುವುದಕ್ಕೆ ಎರಡು, ಚಿತ್ರಕ್ಕೆ ಒಂದು, ರಟ್ಟಿನ ಮಾದರಿಗೆ ಒಂದು, ಅದನ್ನು ಪರೀಕ್ಷಿಸಿ ಕೆಡಿಸುವುದಕ್ಕೆ ಒಂದು, ಎರಡನೇ ಮಾದರಿಗೆ ಮೂರು, ಬಳಸುವವರ ಕೈಗೆ ಕೊಟ್ಟು ಕೇಳಿ ತಿದ್ದುವುದಕ್ಕೆ ಎರಡು. ರಟ್ಟಿನದ್ದನ್ನು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮಾಡಿಸಿ. ಬೇಗ ಕೆಟ್ಟರೆ ತಿದ್ದುವುದಕ್ಕೆ ದಿನ ಉಳಿಯುತ್ತೆ. ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಅಂತ ಒಂದೆರಡು ಪಿರಿಯಡ್ ಹೋಗೇ ಹೋಗುತ್ತೆ. ಕಡಿಮೆ ಮಾಡಲೇಬೇಕಾದರೆ ಅಲಂಕಾರ, ಬಣ್ಣದಲ್ಲಿ ಕಡಿಮೆ ಮಾಡಿ. ಎರಡನೇ ಮಾದರಿಯ ಸಮಯ ಮುಟ್ಟಬೇಡಿ.

46 ಮಕ್ಕಳು ಒಟ್ಟಿಗೆ ಲ್ಯಾಬ್‌ನಲ್ಲಿ ಬೇಡ. ಅರ್ಧ ಮಕ್ಕಳು ತರಗತಿಯಲ್ಲೋ ಜಗಲಿಯಲ್ಲೋ ಚಿತ್ರ, ಅಳತೆ, ರಟ್ಟು. ಅರ್ಧ ಮಕ್ಕಳು ಒಳಗೆ. ನಿಮ್ಮ ಡ್ರಾಯಿಂಗ್ ಶಿಕ್ಷಕರು ಮನಸ್ಸು ಮಾಡಿದರೆ ಹೊರಗಿನ ಅರ್ಧವನ್ನು ಅವರು ನೋಡಿಕೊಳ್ಳಬಹುದು. ಕೇಳಿ ನೋಡಿ. ಯಾರೂ ಕೇಳದೆ ಒಂದು ಮೂಲೆಯಲ್ಲಿ ಉಳಿದ ಒಳ್ಳೆಯ ಡ್ರಾಯಿಂಗ್ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರೆ.

ಗುಂಪಿನಲ್ಲಿ ಇನ್ನೊಂದನ್ನು ಕಣ್ಣಿಟ್ಟು ನೋಡಿ. ಬಿಟ್ಟರೆ ಎರಡೇ ದಿನದಲ್ಲಿ ಡ್ರಿಲ್ ಹುಡುಗರ ಕೈಗೆ, ನೋಟ್‌ಬುಕ್ ಹುಡುಗಿಯರ ಕೈಗೆ ಹೋಗುತ್ತೆ. "ನಿಮ್ಮ ಅಕ್ಷರ ದುಂಡಗಿದೆ, ನೀವೇ ಬರೆಯಿರಿ" ಅನ್ನುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಪ್ರತಿ ವಾರ ಯಾರು ಅಳೆಯುವುದು, ಯಾರು ಕತ್ತರಿಸುವುದು, ಯಾರು ಬರೆಯುವುದು ಅಂತ ಚಾರ್ಟ್ ಮಾಡಿ ಗೋಡೆಗೆ ಹಾಕಿ, ತಿರುಗಿಸುತ್ತಾ ಇರಿ. ಡ್ರಿಲ್ಲನ್ನು ಮೊದಲು ನಾಲ್ಕು ಹುಡುಗಿಯರಿಗೆ ಕಲಿಸಿ. ಉಳಿದವರೆಲ್ಲ ಅವರ ಹತ್ತಿರ ಕಲಿಯಲಿ. ಒಂದು ತಿಂಗಳಲ್ಲಿ ತರಗತಿಯ ಗಾಳಿಯೇ ಬದಲಾಗುತ್ತೆ.

ನೀವು ಗರಗಸ ಹಿಡಿದವರಲ್ಲ ಅಂದಿರಿ. ಹಿಡಿಯಿರಿ. ಒಂದು ಭಾನುವಾರ ನಿಮ್ಮೂರ ಬಡಗಿಯ ಅಂಗಡಿಯಲ್ಲಿ ಕೂತರೆ ಅಳೆಯುವುದು, ಗೆರೆ ಹಾಕುವುದು, ಗೆರೆಯ ಹೊರಗೆ ಕೊಯ್ಯುವುದು, ಬರುತ್ತೆ. ಮಕ್ಕಳಿಗಿಂತ ಒಂದು ವಾರ ಮುಂದೆ ಇದ್ದರೆ ಸಾಕು. ಮರದ ಬೊಂಬೆಗೆ ಹೆಸರಾದ ಕಿನ್ನಾಳ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ. ಅಲ್ಲಿನ ಕಲಾವಿದರನ್ನು ಒಂದು ದಿನ ಶಾಲೆಗೆ ಕರೆಸಿ. ಶಾಲು ಹೊದಿಸಿ ಕಳಿಸುವುದಕ್ಕಲ್ಲ, ಮಕ್ಕಳು ಪ್ರಶ್ನೆ ಕೇಳುವುದಕ್ಕೆ. ಹಗುರ ಮರವನ್ನೇ ಯಾಕೆ ಆರಿಸುತ್ತೀರಿ? ಹುಣಸೆ ಬೀಜದ ಅಂಟನ್ನು ಯಾಕೆ ಬಳಸುತ್ತೀರಿ? ಬೊಂಬೆ ಬಿರುಕು ಬಿಟ್ಟರೆ ತಪ್ಪು ಎಲ್ಲಾಗಿರುತ್ತೆ? ಸಾಮಗ್ರಿಯ ಗುಣ ಅಂತ ನಾವು ಬೋರ್ಡ್ ಮೇಲೆ ಬರೆಯುವುದನ್ನು ಅವರು ಕೈಯಲ್ಲಿ ಹಿಡಿದು ತೋರಿಸುತ್ತಾರೆ.

ಇನ್ನು ಪೆಟ್ಟಿನ ಭಯ. ಈ ಭಯ ಇರುವ ಶಿಕ್ಷಕರ ಲ್ಯಾಬ್‌ನಲ್ಲೇ ಪೆಟ್ಟು ಕಡಿಮೆ, ಇದು ನಾನು ಕಂಡ ಮಾತು. ಜಡೆಯನ್ನು ಮೇಲೆ ಕಟ್ಟಿಸಿ, ವೇಲನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆ, ಕೈದಾರ ತೆಗೆಸಿ. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಿಸಬೇಡಿ. ರಕ್ಷಣೆಗೆ ಅಂತ ಹಾಕುತ್ತಾರೆ, ಆದರೆ ಬಿಟ್‌ಗೆ ಗವಸು ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತೆ. ಕಣ್ಣಿಗೆ ರಕ್ಷಣೆಯ ಕನ್ನಡಕವಂತೂ ಕಡ್ಡಾಯ. ಕೊರೆಯುವ ವಸ್ತುವನ್ನು ಕೈಯಲ್ಲಿ ಹಿಡಿಯಬಾರದು, ಕ್ಲಾಂಪ್ ಹಾಕಿಯೇ ಕೊರೆಯಬೇಕು. ನನ್ನ ಅನುಭವದಲ್ಲಿ ಜಾಸ್ತಿ ಗಾಯ ಮಾಡಿದ್ದು ಡ್ರಿಲ್ ಅಲ್ಲ, ಪೇಪರ್ ಕಟರ್. ಸ್ಟೀಲ್ ಸ್ಕೇಲ್ ಇಟ್ಟು ಕತ್ತರಿಸಲಿ, ಪ್ಲಾಸ್ಟಿಕ್ ಸ್ಕೇಲ್ ಹತ್ತಿದರೆ ಬ್ಲೇಡು ಬೆರಳಿಗೆ ಬರುತ್ತೆ. ಕಟರ್ ಹೋಗುವ ದಾರಿಯಲ್ಲಿ ಇನ್ನೊಂದು ಕೈ ಇರಬಾರದು. ಒಂದೇ ಸಲ ಒತ್ತಿ ಕತ್ತರಿಸದೆ ಮೂರು ಸಲ ಮೆತ್ತಗೆ ಎಳೆಯಲಿ. ಸೋಲ್ಡರಿಂಗ್ ಆದರೆ ಕಿಟಕಿ ತೆರೆದಿರಲಿ. ಸೋಲ್ಡರ್ ತಂತಿಯಲ್ಲಿ ಬಹಳ ಸಲ ಸೀಸ ಇರುತ್ತೆ, ಆದ್ದರಿಂದ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ ಏನೂ ಹಚ್ಚಬೇಡಿ. ಗೋಡೆ ಪ್ಲಗ್ಗಿನ 230 ವೋಲ್ಟ್‌ಗೆ ಮಕ್ಕಳ ಸರ್ಕ್ಯೂಟ್ ಯಾವತ್ತೂ ಸೇರಬಾರದು. ಬ್ಯಾಟರಿ ಅಥವಾ ಅಡಾಪ್ಟರ್ ಅಷ್ಟೇ.

ಸಾಮಾನುಗಳಿಗೆ ಒಂದು ಪ್ಲೈವುಡ್ ಹಲಗೆ ಮಾಡಿಸಿ. ಪ್ರತಿ ಟೂಲ್ ನೇತುಹಾಕುವ ಜಾಗದಲ್ಲಿ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆಸಿ. ಗಂಟೆ ಹೊಡೆದಾಗ ಹಲಗೆ ನೋಡಿದರೆ ಯಾವ ಆಕಾರ ಖಾಲಿ ಇದೆಯೋ ಅದು ಇನ್ನೂ ಯಾರದೋ ಕೈಯಲ್ಲಿದೆ ಅಂತ ಅರ್ಥ. ಅದು ಬರುವ ತನಕ ಯಾರೂ ಹೊರಗೆ ಹೋಗುವಂತಿಲ್ಲ.

ಅಂಕದ ಪ್ರಶ್ನೆ ಬಹಳ ಒಳ್ಳೆಯದು. ಚೆಂದ ಮಾಡಿದವರಿಗೇ ಜಾಸ್ತಿ ಅಂಕ ಕೊಟ್ಟರೆ ಬಡಗಿಯವರ ಮಗ ಯಾವಾಗಲೂ ಮೊದಲು, ಉಳಿದವರು ಯಾವಾಗಲೂ ಹಿಂದೆ. ಇಂಗ್ಲೆಂಡಿನ ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಲೆಕ್ಕ ನೋಡಿ. ಹದಿನಾರರ ವಯಸ್ಸಿನ ಮಕ್ಕಳ ಡಿಸೈನ್ ಅಂಡ್ ಟೆಕ್ನಾಲಜಿ ಪರೀಕ್ಷೆಯಲ್ಲಿ ಅರ್ಧ ಅಂಕ ಬರವಣಿಗೆಗೆ, ಅರ್ಧ ಪ್ರಾಜೆಕ್ಟಿಗೆ. ಆ ಪ್ರಾಜೆಕ್ಟಿನ 100 ಅಂಕದಲ್ಲಿ ವಸ್ತು ತಯಾರಿಸಿದ್ದಕ್ಕೆ 20 ಮಾತ್ರ. ತೊಂದರೆ ಹುಡುಕಿದ್ದಕ್ಕೆ 10, ಶರತ್ತು ಬರೆದದ್ದಕ್ಕೆ 10, ಯೋಚನೆಗಳಿಗೆ 20, ಅವನ್ನು ಬೆಳೆಸಿದ್ದಕ್ಕೆ 20, ಪರೀಕ್ಷಿಸಿ ಒರೆಗೆ ಹಚ್ಚಿದ್ದಕ್ಕೆ 20. ಅಂದರೆ ಐದರಲ್ಲಿ ನಾಲ್ಕು ಪಾಲು ಅಂಕ ಮಗು ಹೇಗೆ ಯೋಚಿಸಿತು ಎಂಬುದಕ್ಕೆ.

ನೀವು ಇಷ್ಟೆಲ್ಲ ವಿಂಗಡಿಸಬೇಕಿಲ್ಲ. ಒಂದೊಂದು ಮಗುವಿಗೂ ಒಂದು ನೋಟ್‌ಬುಕ್. ಅದರಲ್ಲಿ ನೋಡಿದ್ದು, ಅಳತೆ, ಮೂರು ಚಿತ್ರ, ಮೊದಲ ಮಾದರಿ ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು, ಏನು ಬದಲಾಯಿಸಿದೆವು. "ಯಾಕೆ ಕೆಟ್ಟಿತು" ಎಂಬ ಪುಟಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ ಇಡಿ, ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಕೆಟ್ಟದ್ದನ್ನು ಮುಚ್ಚಿಡುತ್ತಾರೆ. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನ, ಇರುತ್ತವಲ್ಲ, ಅದರಲ್ಲಿ ಒಂದರ ವಿಜ್ಞಾನ ಚಟುವಟಿಕೆಗೆ ಈ ನೋಟ್‌ಬುಕ್ಕನ್ನೇ ತೆಗೆದುಕೊಳ್ಳಬಹುದು. ಆಗ ಇದು ಹೆಚ್ಚುವರಿ ಹೊರೆ ಅನ್ನಿಸುವುದಿಲ್ಲ, ಸಿಲಬಸ್ ಬಾಕಿ ಉಳಿಯಿತು ಎಂಬ ಮಾತೂ ಬರುವುದಿಲ್ಲ.

ಕೊನೆಯದಾಗಿ ಆ ಕಿಟ್‌ಗಳು. ಅವನ್ನು ಬೀರುವಿನಲ್ಲಿ ಇಡಿ ಅಂತ ನಾನು ಹೇಳುತ್ತಿಲ್ಲ. ತೊಂದರೆಯೇ ಅವನ್ನು ಕೇಳುವ ತನಕ ಕಾಯಿರಿ. ಉದಾಹರಣೆಗೆ ನಿಮ್ಮ ಶಾಲೆಯ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುತ್ತಾ ಇರಬಹುದು. ಆಗ ಅಲ್ಟ್ರಾಸೋನಿಕ್ ಸೆನ್ಸರ್ ತೆಗೆಯಿರಿ. ಕಿಟ್‌ನಲ್ಲಿ ಸಾಮಾನ್ಯವಾಗಿ ಬರುವುದು ಸುಮಾರು 2 ಸೆಂ.ಮೀ.ನಿಂದ 4 ಮೀಟರ್ ತನಕ ಅಳೆಯುತ್ತೆ. ಶಬ್ದ ಹೋಗಿ ನೀರಿಗೆ ಬಡಿದು ವಾಪಸ್ ಬರುವ ಸಮಯವನ್ನು ಅರ್ಧ ಮಾಡಿ ಸೆಕೆಂಡಿಗೆ 340 ಮೀಟರ್‌ನಿಂದ ಗುಣಿಸಿದರೆ ದೂರ. ಒಂಬತ್ತನೇ ತರಗತಿಯ ಶಬ್ದದ ಪಾಠವೇ ಅದು. ಆದರೆ ಅದರ ಪಕ್ಕದಲ್ಲೇ ಒಂದು ಚೆಂಡು, ಒಂದು ಹಗ್ಗ, ಒಂದು ಸ್ವಿಚ್ಚನ್ನೂ ಇಡಿ. ನೀರು ಏರಿದರೆ ಚೆಂಡು ಏರುತ್ತೆ, ಸ್ವಿಚ್ ಒತ್ತುತ್ತೆ, ಬಜ್ಜರ್ ಕೂಗುತ್ತೆ. ಎರಡನ್ನೂ ಒಂದು ತಿಂಗಳು ಟ್ಯಾಂಕಿಗೆ ಹಾಕಿಸಿ. ಟ್ಯಾಂಕಿನ ಒಳಗಿನ ತೇವಕ್ಕೆ ತೆರೆದ ಸೆನ್ಸರ್ ಎಷ್ಟು ದಿನ ಬಾಳುತ್ತೆ, ಚೆಂಡು ಎಲ್ಲಿ ಸಿಕ್ಕಿಕೊಳ್ಳುತ್ತೆ, ಮಕ್ಕಳೇ ಬರೆಯಲಿ. ಯಾವುದು ಹೊಸದು ಅಂತ ಅಲ್ಲ, ಯಾವುದು ಇಲ್ಲಿಗೆ ಸರಿ ಅಂತ ಆರಿಸುವುದನ್ನು ಆಗ ಕಲಿಯುತ್ತಾರೆ.

ತ್ರೀಡಿ ಪ್ರಿಂಟರ್ ಬಗ್ಗೆ ಎರಡು ಮಾತು. ಒಂದು ಸಣ್ಣ ಕೀಚೈನ್‌ಗೇ ಅರ್ಧ ಗಂಟೆ ಬೇಕಾದೀತು, 46 ಮಕ್ಕಳಿಗೆ ಒಂದೊಂದು ಅಂದರೆ ಆಗದ ಮಾತು. ಅಂಗಡಿಯಲ್ಲಿ ಸಿಗದ, ರಟ್ಟಿನಲ್ಲೂ ಮರದಲ್ಲೂ ಆಗದ ಒಂದು ಸಣ್ಣ ಭಾಗ ಬೇಕಾದಾಗ ಮಾತ್ರ ಬಳಸಿ. ಅದಕ್ಕೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಗಡಿನ ಮೇಲೆ ಇಟ್ಟರೆ ಬಾಗುತ್ತೆ. ಅದನ್ನೂ ಒಂದು ಪ್ರಯೋಗ ಮಾಡಿಸಬಹುದು.

ಹಣದ ವಿಷಯ. ಈ ಲ್ಯಾಬ್‌ಗೆ 20 ಲಕ್ಷ ರೂಪಾಯಿ ತನಕ ಅನುದಾನ, ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟುವುದಕ್ಕೆ, ಉಳಿದದ್ದು ಐದು ವರ್ಷ ನಡೆಸುವುದಕ್ಕೆ ಎಂಬುದು ಯೋಜನೆಯ ಲೆಕ್ಕ. ನಡೆಸುವ ಹಣದಲ್ಲಿ ಇನ್ನೊಂದು ರೋಬೋಟ್ ಕಿಟ್ ತರಿಸುವ ಆಸೆ ಎಲ್ಲರಿಗೂ ಬರುತ್ತೆ. ನಿಮ್ಮ ಮಾತು ನಡೆಯುವ ಕಡೆ ಫೆವಿಕಾಲ್, ಮೊಳೆ, ಸ್ಕ್ರೂ, ಪ್ಲೈವುಡ್, ಡ್ರಿಲ್ ಬಿಟ್, ಕಟರ್ ಬ್ಲೇಡ್ ಬರೆಸಿ. ತಿಂಗಳು ತಿಂಗಳು ಮುಗಿಯುವುದು ಇವೇ. ಇವು ಮುಗಿದ ದಿನ ಲ್ಯಾಬ್‌ನ ಬಾಗಿಲೂ ಮುಚ್ಚುತ್ತೆ.

ಮುಂದಿನ ವಾರದ ಜೋಡಿ ಪಿರಿಯಡ್‌ಗೆ ನಿಮಗೆ ಬೇಕಾದದ್ದು ಐದಾರು ಅಳತೆ ಟೇಪ್, ಪೆನ್ನು, ನೋಟ್‌ಬುಕ್. ಅಡುಗೆಯವರಿಗೆ, ಜವಾನರಿಗೆ ಮಕ್ಕಳು ಬಂದು ನೋಡುತ್ತಾರೆ ಅಂತ ಮೊದಲೇ ಹೇಳಿಡಿ. ನಮ್ಮ ತುಮಕೂರು ಕಡೆ ತಟ್ಟೆ, ನಿಮ್ಮಲ್ಲಿ ತಾಟು. ನಿಮ್ಮ ತಾಟಿನ ಅಗಲ, ಅಂಚು, ಕಟ್ಟೆ ಎಲ್ಲ ಬೇರೆ ಇರುತ್ತೆ, ಆದ್ದರಿಂದ ನನ್ನ ಅಳತೆಯನ್ನು ಮಕ್ಕಳಿಗೆ ಹೇಳಬೇಡಿ. ಅವರಿಗೆ ಕಾಣುವ ತೊಂದರೆ ತಾಟಿನದ್ದೇ ಆಗಿರಬೇಕು ಅಂತಲೂ ಇಲ್ಲ. ರಟ್ಟಿನ ಮೊದಲ ಮಾದರಿ ಕೆಟ್ಟ ದಿನ ಅದರ ಫೋಟೋ ತೆಗೆದು, ಪಕ್ಕದಲ್ಲಿ ಅಳತೆ ಬರೆದು ನನಗೆ ಕಳಿಸಿ. ಎರಡನೆಯದರ ಬಗ್ಗೆ ಆಗ ಮಾತಾಡೋಣ.